ಕಿಂಡಿ

ಚಿತ್ರದುರ್ಗದ ಕೋಟೆಯನ್ನು ನೋಡಿ ಬಂದವರು ಅದರ ಬಾಗಿಲುಗಳ ಹೆಸರನ್ನು ಮರೆತರೂ ಒಂದು ಕಿಂಡಿಯನ್ನು ಮರೆಯುವುದಿಲ್ಲ. ಏಳು ಸುತ್ತಿನ ಕೋಟೆ; ಬೆಟ್ಟದ ಬಂಡೆಗಳನ್ನೇ ಗೋಡೆಯ ಜೊತೆಗೆ ಸೇರಿಸಿಕೊಂಡು ಕಟ್ಟಿದ್ದು; ಶತ್ರು ನೇರವಾಗಿ ನುಗ್ಗದಂತೆ ಹಾವಿನ ಹಾಗೆ ಬಳುಕುವ ದಾರಿ. ಇಷ್ಟೆಲ್ಲ ಏರ್ಪಾಟಿನ ನಡುವೆ, ಎರಡು ಬಂಡೆಗಳ ಸಂದಿಯಲ್ಲಿ, ಒಬ್ಬ ಮನುಷ್ಯ ಮೈ ಹಿಡಿದು ನುಸುಳುವಷ್ಟು ಜಾಗ ಉಳಿದಿತ್ತು. ಮೊಸರು ಮಾರುವ ಹೆಂಗಸೊಬ್ಬಳು ಆ ದಾರಿಯಲ್ಲಿ ಓಡಾಡುತ್ತಿದ್ದುದನ್ನು ಕಂಡು ಹೈದರಾಲಿಯ ಕಡೆಯವರು ಗುಟ್ಟನ್ನು ತಿಳಿದುಕೊಂಡರೆಂದು ಜನ ಹೇಳುತ್ತಾರೆ. ಕಾವಲುಗಾರ ಊಟಕ್ಕೆ ಕುಳಿತಿದ್ದ. ನೀರು ತರಲು ಹೋದ ಅವನ ಹೆಂಡತಿ ಓಬವ್ವ ಸಪ್ಪಳ ಕೇಳಿದಳು. ಮನೆಗೆ ಹಿಂತಿರುಗಿ ಒನಕೆ ಹಿಡಿದು ಬಂದು ನಿಂತಳು. ಮುಂದಿನ ಕಥೆಯನ್ನು ನಮ್ಮ ನಾಡಿನ ಎಳೆಯ ಮಕ್ಕಳಿಗೂ ಹೇಳಿಕೊಡಬೇಕಾಗಿಲ್ಲ.

ಈ ಕಥೆಯನ್ನು ಹೇಳುವಾಗ ಓಬವ್ವನ ಶೌರ್ಯವನ್ನು ಕೊಂಡಾಡಿ ಮುಗಿಸುವುದು ವಾಡಿಕೆ. ಅದು ನ್ಯಾಯವೂ ಹೌದು. ಆದರೆ ಈಚೆಗೆ ನನ್ನ ಮನಸ್ಸು ಒನಕೆಯನ್ನು ಬಿಟ್ಟು ಕಿಂಡಿಯ ಕಡೆಗೇ ಹೋಗುತ್ತದೆ. ಅಂಥ ಕೋಟೆಯಲ್ಲಿ ಅದನ್ನು ಯಾರೂ ಏಕೆ ಮುಚ್ಚಲಿಲ್ಲ? ಐತಿಹ್ಯವನ್ನೇ ನಂಬುವುದಾದರೆ ಉತ್ತರ ಅಲ್ಲಿಯೇ ಇದೆ: ಅದರಿಂದ ಯಾರಿಗೋ ಅನುಕೂಲವಾಗುತ್ತಿತ್ತು. ದೊಡ್ಡ ಬಾಗಿಲಿಗೆ ಸುತ್ತಿ ಬರುವ ಬದಲು ಮೊಸರಿನ ಗಡಿಗೆ ಹೊತ್ತವಳಿಗೆ ಅದು ಹತ್ತಿರದ ದಾರಿ. ಲೋಕದಲ್ಲಿ ಕಿಂಡಿಗಳು ಹುಟ್ಟುವುದು ವೈರಿಗಳ ಬುದ್ಧಿಯಿಂದಲ್ಲ, ನಮ್ಮವರ ಅನುಕೂಲದಿಂದ. ವೈರಿ ಬಂದು ಅದನ್ನು ಉಪಯೋಗಿಸಿಕೊಳ್ಳುತ್ತಾನೆ, ಅಷ್ಟೆ.

ಈ ಮಾತನ್ನು ಈಗ ಎತ್ತಿದ್ದಕ್ಕೆ ಕಾರಣವುಂಟು. ನಮ್ಮ ಮನೆಗಳಿಗೆ ಈ ಹತ್ತು ಹದಿನೈದು ವರ್ಷಗಳಲ್ಲಿ ಹೊಸ ಬಗೆಯ ಸಾಮಾನುಗಳು ಬಂದು ಸೇರಿವೆ. ಮೂಲೆಯಲ್ಲಿ ಕಣ್ಣು ಮಿಟುಕಿಸುತ್ತ ಕುಳಿತ ವೈ-ಫೈ ರೂಟರು. ಇಂಟರ್‌ನೆಟ್ಟಿಗೆ ಸೇರಿದ ಟೆಲಿವಿಷನ್ನು. ಬಾಗಿಲ ಮೇಲಿನ ಕ್ಯಾಮೆರಾ. ಬಂದವರ ಮುಖವನ್ನು ತೋರಿಸುವ ಕರೆಗಂಟೆ. ಮಾತಾಡಿಸಿದರೆ ಹಾಡು ಹಾಕುವ ಡಬ್ಬಿ. ಎದೆಬಡಿತವನ್ನು ಎಣಿಸುವ ಕೈಗಡಿಯಾರ. ಫೋನಿನಿಂದ ಹೊತ್ತಿಸಿ ಆರಿಸಬಹುದಾದ ದೀಪ. ಹಿಂದಿನ ಸಾಮಾನಿಗೂ ಇವಕ್ಕೂ ಒಂದು ವ್ಯತ್ಯಾಸವಿದೆ. ನಮ್ಮ ಹಿರಿಯರ ಮನೆಯಲ್ಲಿದ್ದ ರೇಡಿಯೋ ಮಾತಾಡುತ್ತಿತ್ತು. ಆದರೆ ನಾವು ಆಡಿದ ಮಾತನ್ನು ಅದು ಕೇಳಿಸಿಕೊಳ್ಳುತ್ತಿರಲಿಲ್ಲ. ಈಗಿನ ಪೆಟ್ಟಿಗೆಗಳು ಕೇಳುತ್ತವೆ, ನೋಡುತ್ತವೆ, ಹೊರಗಿನೊಡನೆ ಮಾತಾಡುತ್ತವೆ. ಹೊರರೂಪ ಬಲ್ಬಿನದಾಗಿರಬಹುದು, ಬೊಂಬೆಯದಾಗಿರಬಹುದು. ಒಳಗಿರುವುದು ಒಂದು ಪುಟ್ಟ ಕಂಪ್ಯೂಟರು. ಕಂಪ್ಯೂಟರಿಗೆ ಕಾವಲು ಬೇಕೆಂಬುದು ಬಹಳ ಮಂದಿಗೆ ಗೊತ್ತು. ಬಲ್ಬಿಗೂ ಬೇಕೆಂದರೆ ನಗುತ್ತಾರೆ.

ಕಾವಲಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ೨೦೧೬ನೆಯ ಇಸವಿ ತೋರಿಸಿಕೊಟ್ಟಿತು. ಆ ವರ್ಷ ಅಮೆರಿಕದ ಮೂವರು ತರುಣರು ‘ಮಿರಾಯ್’ ಎಂಬ ಪ್ರೋಗ್ರಾಮೊಂದನ್ನು ಹುಟ್ಟಿಸಿದರು. ಜಪಾನೀ ಭಾಷೆಯಲ್ಲಿ ಆ ಮಾತಿಗೆ ‘ಭವಿಷ್ಯ’ ಎಂದು ಅರ್ಥ. ಅದು ಮಾಡುತ್ತಿದ್ದ ಕೆಲಸದಲ್ಲಿ ಮಂತ್ರವೂ ಇರಲಿಲ್ಲ, ಮಾಯವೂ ಇರಲಿಲ್ಲ. ಇಂಟರ್‌ನೆಟ್ಟಿನ ಬೀದಿಗಳಲ್ಲಿ ಅಲೆಯುತ್ತ, ಸಿಕ್ಕಿದ ಕ್ಯಾಮೆರಾ, ರೂಟರು, ವೀಡಿಯೋ ಮುದ್ರಿಸುವ ಪೆಟ್ಟಿಗೆ ಇವುಗಳ ಬಾಗಿಲು ತಟ್ಟುವುದು. ತನ್ನ ಬಳಿಯಿದ್ದ ಅರವತ್ತು ಚಿಲ್ಲರೆ ಬೀಗದ ಕೈಗಳನ್ನು ಒಂದೊಂದಾಗಿ ಹಾಕಿ ನೋಡುವುದು. ಆ ಬೀಗದ ಕೈಗಳಾದರೂ ಏನು? ಕಾರ್ಖಾನೆಯವರೇ ಹಾಕಿ ಕಳಿಸಿದ ಹೆಸರು, ಪಾಸ್‌ವರ್ಡುಗಳು: ‘ಅಡ್ಮಿನ್’ ಎಂದು ಹೆಸರು, ‘ಅಡ್ಮಿನ್’ ಎಂದೇ ಪಾಸ್‌ವರ್ಡು, ಇಲ್ಲವೆ ‘೧೨೩೪೫’. ಒಂದು ಮಾದರಿಯ ಸಾವಿರಾರು ಕ್ಯಾಮೆರಾಗಳಿಗೆ ಒಂದೇ ಪಾಸ್‌ವರ್ಡು. ಊರಿಗೆಲ್ಲ ಒಂದೇ ಬೀಗದ ಕೈ ಮಾಡಿಸಿ, ಮನೆಯವರು ಆಮೇಲೆ ಬದಲಾಯಿಸಿಕೊಳ್ಳುತ್ತಾರೆಂದು ಹೇಳಿ ಹೋದ ಹಾಗೆ. ಮನೆಯವರು ಬದಲಾಯಿಸಲಿಲ್ಲ. ಮಿರಾಯ್ ತನ್ನ ಉಚ್ಛ್ರಾಯದಲ್ಲಿದ್ದಾಗ ಸುಮಾರು ಆರು ಲಕ್ಷ ಸಾಧನಗಳು ಅದರ ಕೈವಶವಾಗಿದ್ದುವು.

ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಆ ಪ್ರೋಗ್ರಾಮಿನ ಮೂಲವನ್ನೆಲ್ಲ ಬಯಲಿಗೆ ಬಿಟ್ಟದ್ದೂ ಆಯಿತು, ಬೇಕಾದವರು ಎತ್ತಿಕೊಂಡರು. ಅಕ್ಟೋಬರ್ ೨೧ರಂದು ಈ ಕ್ಯಾಮೆರಾ ಸೈನ್ಯ ‘ಡೈನ್’ ಎಂಬ ಸಂಸ್ಥೆಯ ಮೇಲೆ ಬಿತ್ತು. ಹೆಸರು ಹೇಳಿದರೆ ಇಂಟರ್‌ನೆಟ್ಟಿನಲ್ಲಿ ಅದರ ವಿಳಾಸವನ್ನು ತಿಳಿಸುವುದು ಆ ಸಂಸ್ಥೆಯ ಉದ್ಯೋಗವಾಗಿತ್ತು. ರೈಲ್ವೆ ನಿಲ್ದಾಣದ ವಿಚಾರಣೆಯ ಕಿಟಕಿಗೆ ಲಕ್ಷಾಂತರ ಜನ ಒಮ್ಮೆಲೇ ಮುತ್ತಿ ಅರ್ಥವಿಲ್ಲದ ಪ್ರಶ್ನೆಗಳನ್ನು ಕೇಳತೊಡಗಿದರೆ ನಿಜವಾದ ಪ್ರಯಾಣಿಕನ ಗತಿ ಏನಾದೀತು? ಆ ದಿನ ಅಮೆರಿಕದಲ್ಲಿ ಬಹಳ ಜನರಿಗೆ ಗಂಟೆಗಟ್ಟಲೆ ಟ್ವಿಟರ್ ಸಿಗಲಿಲ್ಲ, ನೆಟ್‌ಫ್ಲಿಕ್ಸ್ ಸಿಗಲಿಲ್ಲ. ಮೊದಲು ಮಿರಾಯ್ ಹುಟ್ಟಿಸಿದ ಮೂವರೂ ೨೦೧೭ರ ಡಿಸೆಂಬರಿನಲ್ಲಿ ನ್ಯಾಯಾಲಯದ ಮುಂದೆ ತಪ್ಪನ್ನು ಒಪ್ಪಿಕೊಂಡದ್ದು ಹೊರಬಿತ್ತು. ಬೇರೆ ದೇಶದ ಗೂಢಚಾರರಲ್ಲ, ಭಾರಿ ದರೋಡೆಕೋರರಲ್ಲ. ‘ಮೈನ್‌ಕ್ರಾಫ್ಟ್’ ಎಂಬ ಮಕ್ಕಳ ಆಟವನ್ನು ಆಡಿಸುವವರ ನಡುವಿನ ಪೈಪೋಟಿಯ ಲೋಕದಿಂದ ಬಂದವರು, ಆಗಿನ್ನೂ ಇಪ್ಪತ್ತರ ಆಸುಪಾಸಿನವರು. ಹುಡುಗರ ಕೈಯಲ್ಲಿದ್ದ ಅರವತ್ತು ಬೀಗದ ಕೈಗಳಿಗೆ ಅಷ್ಟು ದೊಡ್ಡ ಲೋಕದ ಬಾಗಿಲುಗಳು ತೆರೆದುಕೊಂಡುವು.

ನನಗೆ ಇದರಲ್ಲಿ ಅತ್ಯಂತ ಆಶ್ಚರ್ಯವಾಗಿ ಕಂಡದ್ದು ಆ ಆರು ಲಕ್ಷ ಸಾಧನಗಳ ಒಡೆಯರ ನೆಮ್ಮದಿ. ಅವರ ಕ್ಯಾಮೆರಾ ಕೆಡಲಿಲ್ಲ. ಎಂದಿನಂತೆ ಅಂಗಳವನ್ನು ತೋರಿಸುತ್ತಲೇ ಇತ್ತು. ಹಗಲು ನಮ್ಮ ಮನೆಯ ಕಸ ಗುಡಿಸಿ ರಾತ್ರಿ ಕಳ್ಳರ ಜೊತೆಗೆ ಹೋಗುವ ಆಳಿನ ಹಾಗೆ, ಅದು ಎರಡು ಕಡೆಯೂ ಚಾಕರಿ ಮಾಡುತ್ತಿತ್ತು. ಇನ್ನೂ ಒಂದು ವಿಚಿತ್ರ: ಸಾಧನವನ್ನು ಒಮ್ಮೆ ಆರಿಸಿ ಹೊತ್ತಿಸಿದರೆ ಮಿರಾಯ್ ಅಳಿಸಿಹೋಗುತ್ತಿತ್ತು. ಆದರೆ ಪಾಸ್‌ವರ್ಡು ಹಳೆಯದೇ ಆಗಿದ್ದರೆ ಕೆಲವು ನಿಮಿಷಗಳಲ್ಲೇ ಮತ್ತೆ ಬಂದು ಕೂರುತ್ತಿತ್ತು. ಕಿಂಡಿಯನ್ನು ಮುಚ್ಚದೆ ಇಲಿಯನ್ನು ಓಡಿಸಿದರೆ ಆಗುವುದು ಇಷ್ಟೇ.

“ಅಮೆರಿಕದಲ್ಲಿ ಟ್ವಿಟರ್ ನಿಂತರೆ ನಮಗೇನು? ನಮ್ಮ ಮನೆಯಲ್ಲಿ ಕದಿಯುವಂಥದು ಏನಿದೆ?” ಎಂದು ಕೇಳುವವರಿದ್ದಾರೆ. ಸ್ಟಾಫ್ ರೂಮಿನಲ್ಲಿ ನನ್ನ ಸಹೋದ್ಯೋಗಿಗಳು ಕೇಳಿದ್ದೂ ಇದನ್ನೇ. ಅವರಿಗೆ ನಾನು ಒಂದು ಬೊಂಬೆಯ ಸಂಗತಿಯನ್ನು ಹೇಳಿದೆ. ‘ಮೈ ಫ್ರೆಂಡ್ ಕೇಲಾ’ ಎಂದು ಅದರ ಹೆಸರು. ಮಗು ಪ್ರಶ್ನೆ ಕೇಳಿದರೆ ಇಂಟರ್‌ನೆಟ್ಟಿನಿಂದ ಉತ್ತರ ತಂದು ಹೇಳುವ ಬೊಂಬೆ. ಅದರೊಡನೆ ಫೋನನ್ನು ಜೋಡಿಸಲು ಯಾವ ಗುಟ್ಟಿನ ಸಂಖ್ಯೆಯೂ ಬೇಕಾಗಿರಲಿಲ್ಲ. ಹತ್ತಿರದಲ್ಲಿ ನಿಂತ ಯಾರು ಬೇಕಾದರೂ ಬ್ಲೂಟೂತ್ ಮೂಲಕ ಬೊಂಬೆಯೊಳಕ್ಕೆ ಹೊಕ್ಕು ಮಗುವಿನ ಮಾತನ್ನು ಕೇಳಬಹುದಾಗಿತ್ತು, ಮಗುವಿನೊಡನೆ ಮಾತಾಡಲೂಬಹುದಾಗಿತ್ತು. ೨೦೧೭ರ ಫೆಬ್ರವರಿಯಲ್ಲಿ ಜರ್ಮನಿಯ ಅಧಿಕಾರಿಗಳು ಅದನ್ನು ಬೇಹುಗಾರಿಕೆಯ ಗುಪ್ತ ಸಾಧನವೆಂದು ನಿಷೇಧಿಸಿದರು. ಮನೆಯಲ್ಲಿದ್ದ ಬೊಂಬೆಯನ್ನು ನಿರುಪಯೋಗಿಯಾಗಿಸಿರೆಂದು ತಂದೆತಾಯಿಗಳಿಗೆ ತಿಳಿಸಿದರು. ಆ ಮನೆಗಳಲ್ಲಿ ಕದಿಯುವಂಥದು ಏನಿತ್ತು? ಮಗುವಿನ ತೊದಲು ಮಾತು. ಕೆಲವು ವಸ್ತುಗಳಿಗೆ ಮಾರುಕಟ್ಟೆಯ ಬೆಲೆ ಇಲ್ಲ. ಹಾಗೆಂದು ಅವನ್ನು ಬೀದಿಯಲ್ಲಿ ಇಡಲು ಯಾರೂ ಒಪ್ಪುವುದಿಲ್ಲ.

ಜರ್ಮನಿ ದೂರವೆನ್ನಿಸಿದರೆ ಅರಸೀಕೆರೆಯ ಕಡೆಗೆ ಬರೋಣ. ಅಲ್ಲಿ ಒಂದು ಊರಿನಲ್ಲಿ ನಮ್ಮ ಸೋದರತ್ತೆ ಒಬ್ಬರೇ ಇದ್ದಾರೆ. ಎಪ್ಪತ್ತೆಂಟು ದಾಟಿದೆ. ಒಬ್ಬನೇ ಮಗ ಟೆಕ್ಸಾಸಿನಲ್ಲಿ. ಎರಡು ವರ್ಷದ ಕೆಳಗೆ ಅತ್ತೆ ಬಚ್ಚಲಿನಲ್ಲಿ ಜಾರಿ ಬಿದ್ದರು. ಹಾಲಿನವನು ಬಂದು ಕೂಗುವ ತನಕ ಯಾರಿಗೂ ತಿಳಿಯಲಿಲ್ಲ. ಮಗನಿಗೆ ಅಲ್ಲಿ ನಿದ್ದೆ ಹತ್ತಲಿಲ್ಲ. ಒಂದು ಕ್ಯಾಮೆರಾ ತರಿಸಿ, ಊರಿನ ಅಂಗಡಿಯ ಹುಡುಗನಿಂದ ನಡುಮನೆಯ ಗೋಡೆಯ ಮೇಲೆ, ಅತ್ತೆಯ ಮಂಚ ಕಾಣುವ ಹಾಗೆ ಹಾಕಿಸಿದ. ಮಗನ ಪ್ರೀತಿಯನ್ನು ಯಾರೂ ಅನ್ನುವಂತಿಲ್ಲ.

ಮೂರನೆಯ ದಿನವೇ ಅತ್ತೆ ಅದರ ಮೇಲೆ ಒಂದು ಹಳೆಯ ಟವಲನ್ನು ಹೊದಿಸಿದರು. ಟೆಕ್ಸಾಸಿನಿಂದ ಫೋನು ಬಂತು: “ಅಮ್ಮಾ, ಬಟ್ಟೆ ತೆಗಿ. ನೀನು ಕಾಣಿಸ್ತಾ ಇಲ್ಲ.” ಅತ್ತೆ ತೆಗೆದರು, ರಾತ್ರಿ ಮತ್ತೆ ಹೊದಿಸಿದರು. ಮತ್ತೆ ಫೋನು. ವಯಸ್ಸಾದವರ ಹಟವೆಂದು ನೆಂಟರಿಷ್ಟರು ನಕ್ಕರು. ಕೊನೆಗೆ ಒಂದು ದಿನ ಅತ್ತೆ ಮಗನಿಗೆ, “ನೀನು ನೋಡೋದಕ್ಕೆ ನನ್ನದೇನೂ ಅಡ್ಡಿಯಿಲ್ಲಪ್ಪ. ನೀನೊಬ್ಬನೇ ನೋಡ್ತಿದೀಯ ಅಂತ ಹೇಳೋರು ಯಾರು?” ಎಂದರಂತೆ.

ಯುಗಾದಿಗೆ ನಾವು ಅಲ್ಲಿಗೆ ಹೋಗಿದ್ದೆವು. ಎಂಜಿನಿಯರಿಂಗ್ ಓದುವ ನನ್ನ ಮಗಳು ಅತ್ತೆಯ ಮಾತನ್ನು ನಗೆಯಾಗಿ ತೆಗೆದುಕೊಳ್ಳಲಿಲ್ಲ. ಕ್ಯಾಮೆರಾದ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ, ಅದರೊಳಗಿನ ಕಾಗದವನ್ನು ಓದಿ, ಅಲ್ಲಿ ಅಚ್ಚಾಗಿದ್ದ ಪಾಸ್‌ವರ್ಡನ್ನು ಹಾಕಿದಳು. ಬಾಗಿಲು ತೆರೆಯಿತು. ಅಂಗಡಿಯ ಹುಡುಗ ಅದನ್ನು ಬದಲಾಯಿಸಿರಲಿಲ್ಲ. ಹೊರಗಿನಿಂದ ಅದಕ್ಕೆ ಬರಲು ದಾರಿಯೂ ತೆರೆದಿತ್ತು. ಆ ಮಾದರಿಯ ಕ್ಯಾಮೆರಾ ಕೊಂಡ ಎಲ್ಲರ ಕೈಯಲ್ಲೂ ಅತ್ತೆಯ ನಡುಮನೆಯ ಬೀಗದ ಕೈ ಇತ್ತು.

ಯಾರಾದರೂ ನೋಡಿದ್ದರೆ? ತಿಳಿಯುವ ಬಗೆಯಿಲ್ಲ. ಬೀಗ ಒಡೆದಿದ್ದರೆ ಗುರುತು ಉಳಿಯುತ್ತಿತ್ತು. ಬೀಗದ ಕೈಯಿಂದ ತೆಗೆದು ನೋಡಿ ಮತ್ತೆ ಹಾಕಿಕೊಂಡು ಹೋದವನ ಹೆಜ್ಜೆಯನ್ನು ಎಲ್ಲಿ ಹುಡುಕುವುದು? ಮಗಳು ಇದನ್ನೆಲ್ಲ ಮೆಲ್ಲಗೆ ಬಿಡಿಸಿ ಹೇಳಿದಳು. ಅತ್ತೆ ಏನೂ ಅನ್ನಲಿಲ್ಲ. ಸೆರಗನ್ನು ಹೆಗಲ ತುಂಬ ಎಳೆದುಕೊಂಡರು, ಅಷ್ಟೆ.

ಆ ಸಂಜೆ ಎರಡು ಮೂರು ಕೆಲಸಗಳಾದುವು. ಕ್ಯಾಮೆರಾ ನಡುಮನೆಯಿಂದ ಜಗಲಿಗೆ ಹೋಗಿ ಬೀದಿಬಾಗಿಲಿನ ಕಡೆಗೆ ತಿರುಗಿತು. ಬೇಡದ ದಾರಿಯನ್ನು ಮಗಳು ಮುಚ್ಚಿದಳು. ಹೊಸ ಪಾಸ್‌ವರ್ಡನ್ನು ಅತ್ತೆಯೇ ಹೇಳಿದರು: ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಮಾತು, ಅವರಿಗೊಬ್ಬರಿಗೇ ನೆನಪಿರುವಂಥವು. ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿದ್ದಾಯಿತು. ಮರೆತೀತೆಂದು ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದೂ ಇಟ್ಟರು. ಪಾಸ್‌ವರ್ಡನ್ನು ಬರೆದಿಡಬಾರದೆಂದು ಹೇಳುವ ಪಂಡಿತರುಂಟು. ಆದರೆ ಭೂಮಿಯ ಇನ್ನೊಂದು ಮಗ್ಗುಲಲ್ಲಿ ಕುಳಿತ ಕಳ್ಳ ಅರಸೀಕೆರೆಯ ಕಡೆಯ ಅಡುಗೆಮನೆಗೆ ಬಂದು ಹಾಲಿನ ಲೆಕ್ಕ ತೆಗೆದು ನೋಡಲಾರ. ಸುಲಭದ ಪಾಸ್‌ವರ್ಡನ್ನು ನೆನಪಿನಲ್ಲಿಡುವುದಕ್ಕಿಂತ ಕಷ್ಟದ ಪಾಸ್‌ವರ್ಡನ್ನು ಮನೆಯೊಳಗೆ ಬರೆದಿಡುವುದು ಎಷ್ಟೋ ಲೇಸು. ಮಗ ಈಗ ದಿನಕ್ಕೆ ಎರಡು ಸಲ ಫೋನು ಮಾಡುತ್ತಾನೆ. ನೋಡುವುದಕ್ಕಿಂತ ಕೇಳುವುದೇ ಹಿತವೆಂದು ಅತ್ತೆಯ ಅಭಿಪ್ರಾಯ.

ಇಷ್ಟನ್ನು ಮಾಡಲು ಮಗಳಿಗೆ ಹಿಡಿದದ್ದು ಅರ್ಧ ಗಂಟೆ. ನನಗೆ ಧೈರ್ಯ ಬಂದದ್ದು ಇದರಿಂದಲೇ. ಓಬವ್ವ ಹಿಡಿದದ್ದು ಖಡ್ಗವನ್ನಲ್ಲ, ಅಕ್ಕಿ ಕುಟ್ಟುವ ಒನಕೆಯನ್ನು. ಈ ಹೊಸ ಕಿಂಡಿಗಳಿಗೆ ಬೇಕಾದದ್ದೂ ಬಹಳಮಟ್ಟಿಗೆ ಮನೆವಾರ್ತೆಯ ಬುದ್ಧಿಯೇ.

ನಮ್ಮ ಹಳೆಯ ಮನೆಗಳನ್ನು ನೆನೆಯಿರಿ. ಬಂದವರೆಲ್ಲರನ್ನೂ ಅಡುಗೆಮನೆಗೆ ಕರೆದುಕೊಳ್ಳುತ್ತಿರಲಿಲ್ಲ. ದಾರಿಹೋಕನಿಗೆ ಜಗಲಿ, ನೆಂಟನಿಗೆ ನಡುಮನೆ. ರೂಟರಿನಲ್ಲಿಯೂ ಅಂಥ ಜಗಲಿಯೊಂದಿದೆ. ‘ಗೆಸ್ಟ್ ನೆಟ್‌ವರ್ಕ್’ ಎಂದು ಅದಕ್ಕೆ ಹೆಸರು. ಬಹಳ ರೂಟರುಗಳಲ್ಲಿ ಇರುತ್ತದೆ. ಬಲ್ಬು, ಕ್ಯಾಮೆರಾ, ಟೆಲಿವಿಷನ್ನುಗಳನ್ನು ಅಲ್ಲಿ ಕೂರಿಸಿ, ಬ್ಯಾಂಕಿನ ವ್ಯವಹಾರ ಮಾಡುವ ಫೋನು, ಕಂಪ್ಯೂಟರುಗಳನ್ನು ಒಳಮನೆಯಲ್ಲಿ ಇಟ್ಟರೆ, ಒಂದು ಕೆಟ್ಟರೂ ಇನ್ನೊಂದಕ್ಕೆ ಕೈ ಚಾಚುವುದು ಅದಕ್ಕೆ ಕಷ್ಟವಾಗುತ್ತದೆ. ಮಳೆಗಾಲಕ್ಕೆ ಮುಂಚೆ ಹೆಂಚು ಹೊಂದಿಸುವುದು ಮನೆಯ ಯಜಮಾನನ ಕೆಲಸವಾಗಿತ್ತು. ‘ಅಪ್‌ಡೇಟ್’ ಎಂದು ಫೋನೂ ರೂಟರೂ ಕೇಳುವುದು ಇದನ್ನೇ: ಸೋರುವ ಜಾಗ ಗೊತ್ತಾಗಿದೆ, ಹೆಂಚು ಬಂದಿದೆ, ಹಾಕಲೇ ಎಂದು. ನಾವು “ಆಮೇಲೆ” ಎಂದು ಒತ್ತಿ ಮುಂದಕ್ಕೆ ಹೋಗುತ್ತೇವೆ. ಹಾಗೆ ತಾನಾಗಿ ಹಾಕಿಕೊಳ್ಳುವ ಏರ್ಪಾಡಿದ್ದರೆ ಅದನ್ನು ತೆರೆದಿಡುವುದು ಒಳ್ಳೆಯದು. ಮುಖ್ಯವಾದ ಬಾಗಿಲಿಗೆ ಚಿಲಕದ ಜೊತೆಗೆ ಅಗಳಿಯೂ ಇರುತ್ತಿತ್ತು; ಪಾಸ್‌ವರ್ಡಿನ ಜೊತೆಗೆ ಫೋನಿಗೆ ಇನ್ನೊಂದು ಸಂಖ್ಯೆ ಬಂದು ಕೇಳುವುದು ಆ ಅಗಳಿ. ಒಂದು ಬಾಗಿಲಿನ ಪಾಸ್‌ವರ್ಡನ್ನು ಇನ್ನೊಂದಕ್ಕೆ ಹಾಕಬಾರದು. ತಯಾರಕರು ಕೈಬಿಟ್ಟ ಹಳೆಯ ಸಾಧನವನ್ನು ಇಂಟರ್‌ನೆಟ್ಟಿನಿಂದ ಬಿಡಿಸಿಬಿಡಬೇಕು. ಗುಜರಿಗೆ ಹಾಕುವ ಮುನ್ನ ಅದರೊಳಗಿನದನ್ನೆಲ್ಲ ಅಳಿಸಬೇಕು. ಮನೆಯ ಪತ್ರಗಳನ್ನು ಹಾಗೆಯೇ ರದ್ದಿಯವನಿಗೆ ಕೊಡುತ್ತೇವೆಯೆ? ಇಷ್ಟಾಗಿಯೂ ಯಾರಾದರೂ ಮೋಸದಿಂದ ಹಣ ಎಳೆದುಕೊಂಡರೆ ನಾಚಿಕೆಪಡುತ್ತ ಕೂರದೆ ೧೯೩೦ ಎಂಬ ಸಂಖ್ಯೆಗೆ ಕೂಡಲೆ ಫೋನು ಮಾಡಬೇಕು. ತಡವಾದಷ್ಟೂ ಹಣ ದೂರ ಹೋಗುತ್ತದೆ.

ಆದರೆ ಓಬವ್ವನನ್ನು ಹೊಗಳುವ ಭರದಲ್ಲಿ ಕೋಟೆ ಕಟ್ಟಿದವರನ್ನು ಬಿಟ್ಟುಬಿಡುವುದು ಸರಿಯಲ್ಲ. ಎಪ್ಪತ್ತೆಂಟರ ಮುದುಕಿ ರಾತ್ರಿಯೆಲ್ಲ ಒನಕೆ ಹಿಡಿದು ನಿಲ್ಲಬೇಕೆಂದರೆ ಅದು ಯಾವ ನ್ಯಾಯ? ಎಲ್ಲ ಪೆಟ್ಟಿಗೆಗೂ ಒಂದೇ ಪಾಸ್‌ವರ್ಡು ಹಾಕಿದರೆ ತಯಾರಿಸುವವನಿಗೆ ಅಗ್ಗ. ಜೋಡಿಸುವ ಹುಡುಗನಿಗೆ ಸಲೀಸು. ಮೊಸರು ಮಾರುವವಳ ಅನುಕೂಲ ಇಲ್ಲಿಯೂ ಇದೆ. ಮಾರಿದ ಮೇಲೆ ವರ್ಷಗಟ್ಟಲೆ ಹೆಂಚು ಹೊಂದಿಸಿಕೊಡಲು ಖರ್ಚು ತಗಲುತ್ತದೆ. ಆ ಖರ್ಚನ್ನು ಉಳಿಸಿಯೇ ಬೆಲೆ ಇಳಿಯುವುದು. ಆದಕಾರಣ ಕೆಲವು ಸರ್ಕಾರಗಳು ಕಾನೂನಿನ ದಾರಿ ಹಿಡಿದಿವೆ. ಕ್ಯಾಲಿಫೋರ್ನಿಯಾದಲ್ಲಿ ೨೦೨೦ರ ಜನವರಿಯಿಂದ ಇಂಥ ಕಾನೂನು ಇದೆ. ಬ್ರಿಟನ್ನಿನಲ್ಲಿ ೨೦೨೪ರ ಏಪ್ರಿಲ್ ೨೯ರಿಂದ ಎಲ್ಲಕ್ಕೂ ಒಂದೇ ಆದ, ಸುಲಭವಾಗಿ ಊಹಿಸಬಹುದಾದ ಪಾಸ್‌ವರ್ಡಿನೊಡನೆ ಇಂಥ ಸಾಧನಗಳನ್ನು ಮಾರುವಂತಿಲ್ಲ. ಎಷ್ಟು ಕಾಲ ಅಪ್‌ಡೇಟ್ ಕೊಡುತ್ತೇವೆಂಬುದನ್ನೂ ತಯಾರಕರು ತಿಳಿಸಬೇಕು. ನಮ್ಮ ಕೇಂದ್ರ ಸರ್ಕಾರವೂ ೨೦೨೪ರಲ್ಲಿ ಸಿ.ಸಿ.ಟಿ.ವಿ. ಕ್ಯಾಮೆರಾಗಳಿಗೆ ಭದ್ರತೆಯ ಪರೀಕ್ಷೆಯನ್ನು ಗೊತ್ತುಮಾಡಿ, ೨೦೨೫ರಿಂದ ಜಾರಿಗೆ ತಂದಿತು. ಇವೆಲ್ಲ ಒಳ್ಳೆಯ ಸುದ್ದಿ. ಆದರೆ ಈಗಾಗಲೇ ಗೋಡೆಗಳ ಮೇಲಿರುವ ಹಳೆಯ ಕಣ್ಣುಗಳನ್ನು ಯಾವ ಕಾನೂನೂ ಬಂದು ಇಳಿಸುವುದಿಲ್ಲ. ಅದು ನಮ್ಮ ಪಾಲಿನ ಕೆಲಸ.

ಕೊಳ್ಳುವಾಗಲೇ ಸ್ವಲ್ಪ ಎಚ್ಚರವಿದ್ದರೆ ಆ ಕೆಲಸ ಕಡಿಮೆಯಾದೀತು. ಪಾಸ್‌ವರ್ಡನ್ನು ಬದಲಾಯಿಸಬಹುದೆ? ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ? ಇಂಟರ್‌ನೆಟ್ ಇಲ್ಲದೆಯೂ ಇದು ಕೆಲಸ ಮಾಡುತ್ತದೆಯೆ? ಈ ಮೂರು ಪ್ರಶ್ನೆಗಳನ್ನು ಅಂಗಡಿಯವರಿಗೆ ಹಾಕಿ ನೋಡಿ. ಕೆಲವರು ಉತ್ತರ ಹೇಳುತ್ತಾರೆ. ಕೆಲವರು ನಮ್ಮ ಮುಖವನ್ನು ನೋಡುತ್ತಾರೆ. ನೋಡಲಿ, ಸಂಕೋಚವೇನೂ ಬೇಡ. ಸಂತೆಯಲ್ಲಿ ಹತ್ತು ರೂಪಾಯಿನ ಬದನೆಕಾಯಿ ಕೊಳ್ಳುವಾಗ ಒಂದೊಂದನ್ನೂ ಕೈಯಲ್ಲಿ ಹಿಡಿದು, ಸುತ್ತ ತಿರುಗಿಸಿ, ಹುಳು ಕೊರೆದ ತೂತು ಎಲ್ಲಿದೆಯೆಂದು ನೋಡದೆ ಬುಟ್ಟಿಗೆ ಹಾಕದ ಜನ ನಾವು.